‘ಸಲಿಸು’ ಎಂಬ ಕ್ರಿಯಾಪದ : ಬೆಳ್ವೊಲ-ಪುಲಿಗೆರೆ ನಾಡಿನ ಶಾಸನಗಳ ಹಿನ್ನೆಲೆಯಲ್ಲಿ ಒಂದು ವಿಚಾರ

‘ಸಲ್ಲಿಸು’ ಎಂಬ ಮಾತನ್ನು ಕೇಳಿದೊಡನೆ ಇಂದಿನ ವಿದ್ಯಾರ್ಥಿಗೆ ಅರ್ಜಿಯೂ ಶುಲ್ಕವೂ ನೆನಪಿಗೆ ಬರುತ್ತವೆ. ಕಚೇರಿಗೆ ಅರ್ಜಿ ಸಲ್ಲಿಸುತ್ತೇವೆ. ದೇವರಿಗೆ ಹರಕೆ ಸಲ್ಲಿಸುತ್ತೇವೆ. ಅಗಲಿದವರಿಗೆ ಗೌರವ ಸಲ್ಲಿಸುತ್ತೇವೆ. ಇವೆಲ್ಲವೂ ಒಂದು ಗಳಿಗೆಯಲ್ಲಿ ಮುಗಿಯುವ ಕಾರ್ಯಗಳು. ಕೊಟ್ಟವನ ಕೈ ಬರಿದಾಯಿತೆಂದರೆ ಕ್ರಿಯೆಯೂ ತೀರಿತು. ಆದರೆ ಎಂಟುನೂರು ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಶಾಸನಗಳನ್ನು ಬರೆಯಿಸಿದವರಿಗೆ ಇದೇ ಧಾತುವಿನಿಂದ ಹುಟ್ಟಿದ ‘ಸಲಿಸು’ ಎಂಬುದು ಮುಗಿಯಬಾರದ ಕಾರ್ಯವೊಂದನ್ನು ಹೇಳುವ ಮಾತಾಗಿತ್ತು. ಒಂದು ಧರ್ಮವನ್ನು ಸಲಿಸುವುದೆಂದರೆ ಅದನ್ನು ನಿಲ್ಲಗೊಡದೆ ನಡೆಯಿಸಿಕೊಂಡು ಹೋಗುವುದು, ತನ್ನ ಆಯುಷ್ಯಕ್ಕಿಂತ ಹೆಚ್ಚು ಕಾಲ ಅದು ಬಾಳುವಂತೆ ಮಾಡುವುದು. ಈ ಅರ್ಥದ ಚರಿತ್ರೆಯನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪರಿಸರದಲ್ಲಿ ದೊರೆಯುವ ಸಾಮಗ್ರಿಯಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಇದು ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಎಂದು ಶಾಸನಗಳಲ್ಲಿ ಜೊತೆಜೊತೆಯಾಗಿ ಕಾಣಿಸಿಕೊಳ್ಳುವ ನಾಡು. ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ಎಡೆಗಳನ್ನು ಹೆಸರಿಸುವಾಗ ಪುಲಿಗೆರೆಯನ್ನು ಎಣಿಸಿದೆ, 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನೂ ಪುಲಿಗೆರೆಯ ತಿರುಳುಗನ್ನಡವನ್ನೇ ನೆನೆದಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಪದವೊಂದರ ಅರ್ಥವನ್ನು ಕೇಳಲು ಇದಕ್ಕಿಂತ ತಕ್ಕ ಊರು ಯಾವುದು?

ಮೊದಲು ಧಾತುವನ್ನು ನೋಡೋಣ. ‘ಸಲ್’ ಎಂಬುದರ ಮೂಲಾರ್ಥ ಹೋಗು, ಸಾಗು, ಒಳಹೊಗು ಎಂಬುದು. ತಮಿಳಿನ ‘ಸೆಲ್’, ತೆಲುಗಿನ ‘ಚೆಲ್ಲು’ ಇದರ ಬಂಧುಗಳು. ಸಾಗುವುದು ಎಂಬ ಅರ್ಥದಿಂದ ಚಲಾವಣೆಯಲ್ಲಿರುವುದು ಎಂಬ ಅರ್ಥ ಬಂದಿತು. ಸಲ್ಲುವ ನಾಣ್ಯ, ಸಲ್ಲದ ನಾಣ್ಯ ಎಂಬ ಭೇದ ಅದರಿಂದ. ಚಲಾವಣೆಯಿಂದ ಯೋಗ್ಯತೆಯ ಅರ್ಥ. ಸಲ್ಲದ ಮಾತು ಎಂದರೆ ಆಡತಕ್ಕುದಲ್ಲದ ಮಾತು. ಭೂತಕೃದಂತವಾದ ‘ಸಂದ’ ಎಂಬುದು ಕಳೆದ ಎಂಬ ಅರ್ಥಕ್ಕೂ ಪ್ರಸಿದ್ಧ ಎಂಬ ಅರ್ಥಕ್ಕೂ ಸಲ್ಲುತ್ತದೆ; ‘ಸಂದಾಯ’ವೂ ಇದರ ಕುಟುಂಬದ್ದೇ. ಈ ಧಾತುವಿಗೆ ಕೇಶಿರಾಜನು ಹೇಳುವ ‘ಇಸು’ ಪ್ರತ್ಯಯ ಸೇರಿದಾಗ ‘ಸಲಿಸು’ ಆಗುತ್ತದೆ. ಸಾಗುವಂತೆ ಮಾಡು ಎಂಬುದು ಅದರ ನೇರವಾದ ಅರ್ಥ. ಕೊಡು, ತೆರು, ಒಪ್ಪಿಸು ಎಂಬ ಅರ್ಥಗಳೆಲ್ಲ ಇದರ ಕೊಂಬೆಗಳು. ಇಂದು ನಾವು ಕೊಂಬೆಗಳನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ರಾಜ್ಯವರ್ಣನೆಯ ವಾಕ್ಯ ಕಂಠಪಾಠವಾಗಿರುತ್ತದೆ. ರಾಜನ ವಿಜಯರಾಜ್ಯವು ಉತ್ತರೋತ್ತರಾಭಿವೃದ್ಧಿಯನ್ನು ಪಡೆದು ಚಂದ್ರ ಸೂರ್ಯ ತಾರೆಗಳಿರುವವರೆಗೆ ‘ಸಲುತ್ತಮಿರೆ’ ಎಂದು ಅದು ಮುಗಿಯುತ್ತದೆ. ರಾಜ್ಯವು ನಿಂತಿರೆ ಎನ್ನಲಿಲ್ಲ, ಇರೆ ಎನ್ನಲಿಲ್ಲ, ಸಲುತ್ತಮಿರೆ ಎಂದರು. ತಮಿಳು ಶಾಸನಗಳಲ್ಲಿಯೂ ದತ್ತಿಯು ಚಂದ್ರಾದಿತ್ಯರಿರುವ ತನಕ ‘ಸೆಲ್’ ಎಂಬ ಕ್ರಿಯೆಯನ್ನೇ ಅವಲಂಬಿಸುತ್ತದೆ. ಆದುದರಿಂದ ಇದು ಒಬ್ಬ ಲಿಪಿಕಾರನ ರೂಢಿಯಲ್ಲ, ದ್ರಾವಿಡ ಭಾಷೆಗಳಲ್ಲಿ ಬೇರುಬಿಟ್ಟ ಒಂದು ಕಲ್ಪನೆಯೆಂದು ತೋರುತ್ತದೆ. ಬಾಳುವುದೆಂದರೆ ಚಲಿಸುವುದು. ‘ಸಲಿಸು’ವಿನ ಸಂಗಾತಿಯಾಗಿ ಶಾಸನಗಳಲ್ಲಿ ಬರುವ ‘ನಡೆಯಿಸು’ ಎಂಬುದೂ ಚಲನೆಯ ಮಾತೇ ಆಗಿರುವುದು ಈ ಊಹೆಗೆ ಬಲಕೊಡುತ್ತದೆ. ಸಂಸ್ಕೃತದಿಂದ ಬಂದ ‘ಪ್ರತಿಪಾಲಿಸು’ ಮಾತ್ರ ಕಾಪಾಡುವ ಅರ್ಥದ್ದು.

ಇದಕ್ಕೆ ಎದುರಾಗಿ ಕಲ್ಲಿನ ವಿಷಯದಲ್ಲಿ ಬಳಸುವ ಕ್ರಿಯೆಯನ್ನು ಗಮನಿಸಬೇಕು. ಬೆಟಗೇರಿಯಲ್ಲಿ ಪ್ರಾಚೀನ ವೀರಗಲ್ಲುಗಳ ಒಂದು ಸಮೂಹವೇ ಇದೆ. ಇಂಥ ಕಲ್ಲುಗಳ ಬಗೆಗೆ ಶಾಸನಗಳು ‘ನಿಲಿಸು’, ‘ನಿಱಿಸು’ ಎನ್ನುತ್ತವೆ. ಸತ್ತವನಿಗಾಗಿ ಕಲ್ಲನ್ನು ನಿಲಿಸಬಹುದು. ಅದು ಒಂದು ದಿನದ ಕೆಲಸ. ದತ್ತಿಯನ್ನು ಮಾತ್ರ ಸಲಿಸಬೇಕು. ನಮ್ಮ ಪೂರ್ವಿಕರು ಈ ಎರಡನ್ನು ಬೆರಸಲಿಲ್ಲ. ಕಲ್ಲು ನಿಂತ ಮಾತ್ರಕ್ಕೆ ಧರ್ಮ ಸಲ್ಲುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು.

ತಿಳಿದಿತ್ತೆಂಬುದಕ್ಕೆ ‘ನಂದಾದೀವಿಗೆ’ ಎಂಬ ಪದವೊಂದೇ ಸಾಕು. ಕೆಲವರು ಇದನ್ನು ಸಂಸ್ಕೃತದ ‘ನಂದಾ’ ಎಂದು ಬಗೆಯುತ್ತಾರೆ. ಆದರೆ ‘ನಂದು’ ಎಂದರೆ ಆರು, ನಂದದ ದೀಪವೇ ನಂದಾದೀವಿಗೆ ಎಂಬ ಕನ್ನಡ ವ್ಯುತ್ಪತ್ತಿಯೇ ಸಮಂಜಸ. ‘ನೊಂದಾದೀವಿಗೆ’ ಎಂಬ ಶಾಸನರೂಪವೂ ಇದನ್ನು ಸಮರ್ಥಿಸುತ್ತದೆ. ಹೆಸರಿನಲ್ಲಿ ಆರದ ದೀಪವಾದರೂ ಅದು ತಾನಾಗಿ ಉರಿಯತಕ್ಕುದಲ್ಲ. ಅದಕ್ಕಾಗಿ ಊರಿನ ಗಾಣಗಳಿಂದ ಎಣ್ಣೆಯನ್ನು ಬಿಡಿಸುತ್ತಿದ್ದರು. ಇಲ್ಲವೆ ಇಷ್ಟು ಗದ್ಯಾಣಗಳನ್ನು ಊರವರ ಕೈಯಲ್ಲಿರಿಸಿ, ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ದೀಪವನ್ನು ನಡೆಯಿಸತಕ್ಕುದೆಂದು ಕಟ್ಟು ಮಾಡುತ್ತಿದ್ದರು. ಕೆರೆಗೂ ಹೀಗೆಯೇ. ಕೆರೆಯನ್ನು ಕಟ್ಟಿಸಿದವನು ಅದರ ಪೋಷಣೆಗೆಂದು ಬಿತ್ತುವಟ್ಟವೆಂಬ ಭೂಮಿಯನ್ನೂ ಬಿಡಬೇಕಾಗಿತ್ತು. ಹೂಳು ತೆಗೆಯದ ಕೆರೆ ಎಷ್ಟು ಕಾಲ ಬಾಳೀತು? ಮಳೆ ಕಡಿಮೆಯಾದ ಈ ಎರೆನಾಡಿನ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಬರಗಾಲಕ್ಕೆಂದು ಉಳಿಸಿದವನು ಅವನೇ. ಮಾಳಿಗೆಯ ಮೇಲ್ಮುದ್ದೆಗೆ ಮುಂಗಾರಿಗೆ ಮುನ್ನ ವರ್ಷವರ್ಷವೂ ಹೊಸ ಮಣ್ಣು ಹಾಕಿದವನೂ ಅವನೇ. ಒಂದು ವರ್ಷ ತಪ್ಪಿದರೆ ಮನೆ ಸೋರುತ್ತದೆ.

ಕಟ್ಟಡಗಳ ಮಟ್ಟಿಗೆ ಈ ಕಲ್ಪನೆಯು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸದಲ್ಲಿ ಅಡಗಿದೆ. ಮುರಿದುದು ಖಂಡ, ಬಿರಿದುದು ಸ್ಫುಟಿತ, ಸವೆದುದು ಜೀರ್ಣ. ಮೂರು ಬಗೆಯ ಕೇಡನ್ನು ಬೇರೆಬೇರೆಯಾಗಿ ಎಣಿಸಿ ಅವುಗಳಿಂದ ಎತ್ತುವುದನ್ನು ಉದ್ಧಾರವೆಂದರು. ಕೆಲವು ಶಾಸನಗಳಲ್ಲಿ ‘ನವಸುಧಾಕರ್ಮ’ ಎಂಬುದೂ ಸೇರುತ್ತದೆ; ಸುಧೆ ಎಂದರೆ ಸುಣ್ಣ, ಹೊಸದಾಗಿ ಸುಣ್ಣದ ಗಾರೆ ಮಾಡುವ ಕೆಲಸ. ದೇವರ ಅಂಗಭೋಗ ರಂಗಭೋಗಗಳ ಸಾಲಿನಲ್ಲಿಯೇ, ಕಟ್ಟಡವು ಹೊಸದಾಗಿರುವಾಗಲೇ, ಈ ವೆಚ್ಚಕ್ಕೆ ಆದಾಯವನ್ನು ಕಲ್ಪಿಸುತ್ತಿದ್ದರೆಂಬುದು ಗಮನಾರ್ಹ. ಅಂದರೆ ಕಟ್ಟಿಸಿದವನೇ ತನ್ನ ಕೆಲಸವು ಬಿರಿಯುವುದೆಂದು ಮೊದಲೇ ಒಪ್ಪಿಕೊಂಡಿದ್ದನು.

ಲಕ್ಷ್ಮೇಶ್ವರದ ಜೈನಬಸದಿಗಳಿಗೆ ಸಂಬಂಧಿಸಿದ ಒಂದು ಶಾಸನವು ಈ ದೃಷ್ಟಿಯಿಂದ ಬಹಳ ಮುಖ್ಯವಾದುದು. ಬಾದಾಮಿಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಶಕ 656ರಲ್ಲಿ, ಎಂದರೆ ಕ್ರಿ.ಶ. 734-35ರಲ್ಲಿ, ಬಾಹುಬಲಿಯೆಂಬ ಶ್ರೇಷ್ಠಿಯ ವಿಜ್ಞಾಪನೆಯ ಮೇರೆಗೆ ಪುಲಿಗೆರೆಯ ಶಂಖತೀರ್ಥ ಬಸದಿ ಹಾಗೂ ಧವಲ ಜಿನಾಲಯಗಳ ಜೀರ್ಣೋದ್ಧಾರವನ್ನು ಮಾಡಿಸಿ ಭೂಮಿಯನ್ನು ಕೊಟ್ಟನೆಂದು ಅದು ತಿಳಿಸುತ್ತದೆ. ಬಸದಿಗಳು ಆ ಹೊತ್ತಿಗಾಗಲೇ ಜೀರ್ಣವಾಗಿದ್ದವೆಂದ ಮೇಲೆ ಅವು ಇನ್ನೂ ಹಳೆಯವಾಗಿರಬೇಕು. ಆದರೆ ತೊಡಕಿರುವುದು ಬೇರೆಡೆಯಲ್ಲಿ. ಈ ದತ್ತಿಯ ಪಾಠವಿರುವ ಕಲ್ಲಿನ ಮೇಲೆ ಇನ್ನೆರಡು ಪಾಠಗಳಿವೆ: ಒಂದು ಸೇಂದ್ರಕ ದುರ್ಗಶಕ್ತಿಯ ದತ್ತಿಯದು, ಇನ್ನೊಂದು ಗಂಗ ಮಾರಸಿಂಹನು ಶಕ 890ರಲ್ಲಿ (968-69) ಕೊಟ್ಟುದು. ಮೂರರ ಅಕ್ಷರವೂ ಹತ್ತನೆಯ ಶತಮಾನದ್ದು. 1878ರಲ್ಲಿ ಈ ಕಲ್ಲನ್ನು ಪ್ರಕಟಿಸಿದ ಫ್ಲೀಟರು ಇದನ್ನು ಕಂಡು ಹಳೆಯ ಪಾಠಗಳ ಪ್ರಾಮಾಣ್ಯವನ್ನು ಸಂಶಯಿಸಿದರು. ಅಂದಿನಿಂದ ಲಕ್ಷ್ಮೇಶ್ವರದ ಈ ಪಾಠಗಳು ಪಂಡಿತರ ಕೈಯಲ್ಲಿ ಅರ್ಧ ಸಲ್ಲುವ, ಅರ್ಧ ಸಲ್ಲದ ನಾಣ್ಯಗಳಂತೆ ಆಡುತ್ತಿವೆ.

ಫ್ಲೀಟರ ಪಾಂಡಿತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಈ ನಾಡಿನ ಶಾಸನಗಳನ್ನು ಓದುವ ಕ್ರಮವನ್ನು ನಮಗೆ ಕಲಿಸಿದವರಲ್ಲಿ ಅವರೊಬ್ಬರು. ಆದರೆ ಅಕ್ಷರವು ಹೊಸದು, ಆದುದರಿಂದ ದತ್ತಿಯು ಸಂಶಯಾಸ್ಪದ ಎಂಬ ತರ್ಕವನ್ನು ‘ಸಲಿಸು’ ಎಂಬ ಕ್ರಿಯೆಯ ಬೆಳಕಿನಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕೆಂದು ನಮ್ಮ ಅಭಿಪ್ರಾಯ. ವಿಕ್ರಮಾದಿತ್ಯನ ಕಾಲಕ್ಕೂ ಮಾರಸಿಂಹನ ಕಾಲಕ್ಕೂ ನಡುವೆ ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು. ಬಾದಾಮಿಯ ಚಾಲುಕ್ಯರು ಅಳಿದು ರಾಷ್ಟ್ರಕೂಟರು ಬಂದಿದ್ದರು. ಗಂಗರು ರಾಷ್ಟ್ರಕೂಟರ ಕೆಳಗೆ ಈ ನಾಡನ್ನು ಆಳುತ್ತಿದ್ದರು. ಹೊಸ ಒಡೆಯನಿಂದ ಹೊಸ ದತ್ತಿಯನ್ನು ಪಡೆದ ಬಸದಿಯವರು ಹಳೆಯ ದತ್ತಿಗಳೂ ಸಲ್ಲಬೇಕೆಂದು ಬಯಸಿ, ಸವೆದ ಕಲ್ಲಿನ ಅಥವಾ ತಾಮ್ರಪಟದ ಪಾಠವನ್ನು ತಮ್ಮ ಕಾಲದ ಅಕ್ಷರದಲ್ಲಿ ಒಂದೆಡೆ ಕೆತ್ತಿಸಿದ್ದರೆ ಅದರಲ್ಲಿ ಅಸಹಜವೇನಿದೆ? ಜೀರ್ಣವಾದ ಗೋಡೆಗೆ ಹೊಸ ಸುಣ್ಣ ಬಳಿದವರು ಜೀರ್ಣವಾದ ಬರೆಹಕ್ಕೆ ಹೊಸ ಅಕ್ಷರ ಕೊಟ್ಟರು. ಇದನ್ನು ಕೂಟಶಾಸನವೆಂದು ಕರೆಯುವ ಮುನ್ನ ರಾಜಾವಳಿ, ಬಿರುದು, ತಿಥಿವಾರ, ಭಾಷೆಗಳಲ್ಲಿ ದೋಷವನ್ನು ತೋರಿಸಬೇಕು. ಹಾಗೆಯೇ, ನಕಲು ಮಾಡುವವನು ಭೂಮಿಯ ಎಲ್ಲೆಯನ್ನು ನಾಲ್ಕು ಮಾರು ಹಿಗ್ಗಿಸಿರಬಹುದು. ಲೋಭವು ಹತ್ತನೆಯ ಶತಮಾನದಲ್ಲಿಯೂ ಇತ್ತು. ಪಾಠವೊಂದನ್ನು ಸಲಿಸುವುದಕ್ಕೂ ಸೃಷ್ಟಿಸುವುದಕ್ಕೂ ನಡುವಣ ಗೆರೆ ತೆಳುವಾದುದೆಂಬುದನ್ನು ಒಪ್ಪಿಯೇ ನಾವು ಈ ಮಾತನ್ನು ಆಡುತ್ತಿದ್ದೇವೆ.

ಪುಲಿಗೆರೆಯವರಿಗೆ ಇಂಥ ವಿಷಯಗಳಲ್ಲಿ ಎಚ್ಚರವಿತ್ತೆಂಬುದಕ್ಕೆ ಇನ್ನೊಂದು ಆಧಾರವಿದೆ. ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯು ಕನ್ನಡದಲ್ಲಿದ್ದು, ಬಾರ್ನೆಟ್ಟರಿಂದ ಪ್ರಕಟವಾಗಿದೆ. ರಾಜಪುರುಷರು ಏನನ್ನು ಕಾಪಾಡಬೇಕೆಂಬ ಪಟ್ಟಿಯಲ್ಲಿ ಒಡೆಯರಿಲ್ಲದ ಮನೆ, ರಾಜದತ್ತಿ, ಊರಿನ ಮರ್ಯಾದೆ ಇವುಗಳೊಡನೆ ತಾಮ್ರಶಾಸನವೂ, ಅನುಭವಿಸುತ್ತ ಬಂದ ಸ್ವತ್ತಿನ ಮುಂದುವರಿಕೆಯೂ ಸೇರಿವೆ. ಊರವರು ರಾಜನಿಂದ ಹೊಸದನ್ನು ಬೇಡುವುದಕ್ಕಿಂತ ಹಳೆಯದು ಸಾಗುವ ಭರವಸೆಯನ್ನು ಬೇಡಿದರು.

ಬರೆಹವನ್ನು ಬಾಳಿಸುವ ಮಾತು ಬಂದುದರಿಂದ ಅತ್ತಿಮಬ್ಬೆಯನ್ನು ನೆನೆಯದೆ ಮುಂದೆ ಹೋಗಲಾಗದು. ಗದಗಿನಿಂದ ಮೂಡಲಿಗೆ ಹನ್ನೆರಡು ಕಿಲೋಮೀಟರಿನಷ್ಟು ದೂರದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯೂ 1007ರ ಶಾಸನವೂ ಪ್ರಸಿದ್ಧವಾಗಿವೆ. ರನ್ನನು 993ರಲ್ಲಿ ರಚಿಸಿದ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತವಳೂ ಆಕೆಯೇ. ಆದರೆ ನಮ್ಮ ಪ್ರಸ್ತುತಕ್ಕೆ ಬೇಕಾದುದು ಪೊನ್ನನ ‘ಶಾಂತಿಪುರಾಣ’ದ ಪ್ರತಿಗಳ ಸಂಗತಿ. ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಅವನ ಸಹೋದರ ಪುನ್ನಮಯ್ಯ. ಆಕೆ ಅದರ ಸಾವಿರ ಓಲೆಯ ಪ್ರತಿಗಳನ್ನು ಮಾಡಿಸಿ ಹಂಚಿದಳು. ಇದನ್ನು ದಾನಶೂರತೆಯೆಂದು ಹೊಗಳಿ ಬಿಡುವುದು ರೂಢಿ. ನಮಗಾದರೋ ಇದರಲ್ಲಿ ಸಲಿಸುವ ಕ್ರಿಯೆಯ ಸ್ಪಷ್ಟವಾದ ರೂಪ ಕಾಣುತ್ತದೆ. ಓಲೆಗೆ ಹುಳವಿದೆ, ತೇವವಿದೆ, ಬೆಂಕಿಯಿದೆ. ಒಂದು ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟರೂ ಅದು ಬಾಳಲಾರದು. ಸಾವಿರ ಕೈಗಳಿಗೆ ಹೋದುದು ಬಾಳೀತು. ತಂದೆ ಬರೆಯಿಸಿದುದನ್ನು ಮಗಳು ಸಾಗಿಸಿದಳು.

ಗದಗಿನ ತ್ರಿಕೂಟೇಶ್ವರ ದೇವಾಲಯದ ಎರಡು ಶಾಸನಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕಳಚುರ್ಯರೂ ಚಾಲುಕ್ಯರೂ ಕುಗ್ಗಿದಾಗ ಸೇವುಣ ಭಿಲ್ಲಮನೂ ಹೊಯ್ಸಳ ಇಮ್ಮಡಿ ಬಲ್ಲಾಳನೂ ಈ ನಾಡಿಗಾಗಿ ಕಾದಿದರು. ಸೊರಟೂರು, ಲೊಕ್ಕಿಗುಂಡಿಗಳು ರಣಭೂಮಿಗಳಾದವು. ಭಿಲ್ಲಮನ ದತ್ತಿ 1191ರದು, ಬಲ್ಲಾಳನದು 1192ರದು. ಎರಡು ವರ್ಷಗಳೊಳಗೆ ಎರಡು ರಾಜ್ಯಗಳು. ಆದರೆ ದೇವರು ಒಬ್ಬನೇ, ಸ್ಥಾನಾಚಾರ್ಯನೂ ಒಬ್ಬನೇ, ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. ಸೋತವನ ಪಕ್ಷದವನೆಂದು ಆಚಾರ್ಯನನ್ನು ಗೆದ್ದವನು ತೆಗೆಯಲಿಲ್ಲ. ದಾನ ಮತ್ತು ಪಾಲನೆಗಳೊಳಗೆ ಪಾಲನೆಯೇ ಮೇಲೆಂದು ಶಾಸನಗಳ ಕೊನೆಯ ಸಂಸ್ಕೃತ ಶ್ಲೋಕಗಳು ಸಾರುತ್ತವೆ. ಪ್ರತಿಪಾಲಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಟ್ಟ ಫಲವನ್ನೂ, ಅಳಿದವನಿಗೆ ಅವುಗಳನ್ನು ಕೊಂದ ಪಾಪವನ್ನೂ ಹೇಳುತ್ತವೆ. ಇವನ್ನು ಓದುಗರು ಬರಿಯ ಸಂಪ್ರದಾಯವೆಂದು ದಾಟಿಹೋಗುವುದುಂಟು. ರಾಜನು ಕೊಡಬಲ್ಲನು, ಆದರೆ ತನ್ನ ಸಾವಿನಾಚೆ ಸಲಿಸಲಾರನು. ಸಲಿಸಬೇಕಾದವನು ತನ್ನ ಮಗನಿರಬಹುದು, ಹಗೆಯೂ ಇರಬಹುದು. ಆ ಅಪರಿಚಿತನಿಗೆ ಆಣೆಯನ್ನೂ ಆಸೆಯನ್ನೂ ಒಡ್ಡುವುದಲ್ಲದೆ ಬೇರೆ ಉಪಾಯವಿರಲಿಲ್ಲ.

ಉಪಾಯವು ಯಾವಾಗಲೂ ಫಲಿಸಲಿಲ್ಲ. ಮುಂಡರಗಿ ತಾಲೂಕಿನ ಡಂಬಳವು ಅಂದಿನ ಧರ್ಮವೊಳಲು. ಆರನೆಯ ವಿಕ್ರಮಾದಿತ್ಯನ ಕಾಲದ, ಶಕ 1017ರ (1095-96) ಅಲ್ಲಿಯ ಶಾಸನವು ಬುದ್ಧನಿಗೆ ನಮಸ್ಕಾರದಿಂದ ಮೊದಲಾಗುತ್ತದೆ. ಊರಿನ ಹದಿನಾರು ಸೆಟ್ಟಿಗಳು ಮಾಡಿಸಿದ ವಿಹಾರಕ್ಕೂ, ಲೊಕ್ಕಿಗುಂಡಿಯಲ್ಲಿದ್ದ ವಿಹಾರಕ್ಕೂ, ತಾರಾಭಗವತಿಗೂ ಅದರಲ್ಲಿ ದತ್ತಿಗಳಿವೆ. ಕರ್ನಾಟಕದಲ್ಲಿ ಬೌದ್ಧಧರ್ಮದ ಕೊನೆಯ ಕಾಲವನ್ನು ಬಲ್ಲವರೆಲ್ಲ ಈ ಶಾಸನವನ್ನು ಬಲ್ಲರು. ಕಲ್ಲು ನಿಂತಿತು, ವಿಹಾರ ಸಲ್ಲಲಿಲ್ಲ. ಅದೇ ಊರಿನಲ್ಲಿ, ನಕ್ಷತ್ರಾಕಾರದ ತಲವಿನ್ಯಾಸಕ್ಕೆ ಹೆಸರಾದ ದೊಡ್ಡಬಸಪ್ಪನ ಗುಡಿಯು ಭಕ್ತರನ್ನು ಪಡೆದು ಉಳಿದಿದೆ. ಒಂದರ ಕಲ್ಲು ಗಟ್ಟಿ, ಇನ್ನೊಂದರದು ಮೆದು ಎಂದು ಈ ಭೇದವನ್ನು ವಿವರಿಸಲಾಗದು. ಭಿಕ್ಷುಗಳೂ ಅವರಿಗೆ ಅನ್ನವಿಕ್ಕುವ ಸೆಟ್ಟಿಗಳೂ ಇಲ್ಲವಾದ ದಿನ ಆಚಂದ್ರಾರ್ಕವೆಂಬ ಅವಧಿ ತೀರಿತು.

ಅನಂತರದ ಶತಮಾನಗಳಲ್ಲಿ ಆಡಳಿತದ ಮಾತು ಬದಲಾಯಿತು. ಲಕ್ಷ್ಮೇಶ್ವರದ ಜಾಮೀ ಮಸೀದಿಯು ಆದಿಲಶಾಹಿ ಕಾಲದ್ದು. ಧರ್ಮಾರ್ಥದ ಆಸ್ತಿಗೆ ಮುಸಲ್ಮಾನರು ಬಳಸುವ ‘ವಕ್ಫ್’ ಎಂಬ ಅರಬಿ ಪದದ ಮೂಲಾರ್ಥ ನಿಲ್ಲಿಸುವುದು, ತಡೆಯುವುದು. ಆಸ್ತಿಯ ಕೈಬದಲಾವಣೆಯನ್ನು ನಿಲ್ಲಿಸಿದರೆ ಅದರ ಫಲವು ಹರಿಯುತ್ತಿರುತ್ತದೆಂಬುದು ಅಲ್ಲಿಯ ಭಾವನೆ. ಕನ್ನಡವು ಸಾಗಿಸಿ ಸಾಧಿಸಿದುದನ್ನು ಅರಬಿಯು ನಿಲ್ಲಿಸಿ ಸಾಧಿಸಿತು! ಮರಾಠರ ಆಡಳಿತದೊಡನೆ ‘ಚಾಲೂ’, ‘ಚಲಾವಣೆ’ ಎಂಬವು ಬಂದವು. ಇವು ಮತ್ತೆ ನಡೆಯುವ ಅರ್ಥದವೇ; ಆದುದರಿಂದ ಇನಾಮು ಚಾಲೂ ಇಡುವುದು ಎಂಬ ನುಡಿಗಟ್ಟು ಕನ್ನಡಿಗನ ಕಿವಿಗೆ ಹೊಸದೆನಿಸಲಿಲ್ಲ. ‘ಸಲಿಸು’ವಿನ ಹಳೆಯ ಸ್ಥಾನವನ್ನು ಆಕ್ರಮಿಸಿದುದು ಈ ಮಾತೇ ಎಂದು ನಮ್ಮ ಊಹೆ. ಬ್ರಿಟಿಷರು 1852ರ ಕಾನೂನಿನ ಮೂಲಕ ಇನಾಮು ಆಯೋಗವನ್ನು ಸ್ಥಾಪಿಸಿದಾಗ ಸನದು ತೋರಿಸಲಾರದ ಮನೆತನಗಳ ಭೂಮಿಯು ಸಲ್ಲದ ನಾಣ್ಯವಾಯಿತು. ನರಗುಂದದ ಬಾಬಾಸಾಹೇಬನಿಗೆ ದತ್ತಕವನ್ನು ನಿರಾಕರಿಸಿದರು. ಅವನೂ ಮುಂಡರಗಿಯ ಭೀಮರಾಯನೂ 1858ರಲ್ಲಿ ದಂಗೆಯೆದ್ದುದಕ್ಕೆ ನಿಃಶಸ್ತ್ರೀಕರಣದ ಜೊತೆಗೆ ಇಂಥ ಅಸಮಾಧಾನಗಳೂ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದನು. ಸಾಗುತ್ತ ಬಂದುದೇ ಪ್ರಮಾಣವೆಂದಿದ್ದ ನಾಡಿನಲ್ಲಿ ಕಾಗದವೇ ಪ್ರಮಾಣವೆಂದಾಯಿತು.

ಇಂದಿನ ಆಡುನುಡಿಯಲ್ಲಿ ಹಳೆಯ ಅರ್ಥವು ಪೂರ್ತಿಯಾಗಿ ಅಳಿದಿಲ್ಲ. ಬೇರೆ ಕ್ರಿಯೆಗಳಲ್ಲಿ ಹಂಚಿಹೋಗಿದೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಲ್ಲಿಯೂ ಮುಂಡರಗಿಯ ಅನ್ನದಾನೀಶ್ವರ ಮಠದಲ್ಲಿಯೂ ಜನ ದಾಸೋಹವನ್ನು ‘ನಡೆಸುವ’ ಮಾತನ್ನೇ ಆಡುತ್ತಾರೆ. ಇದು ಶಾಸನದ ‘ನಡೆಯಿಸು’. ಬೆಟಗೇರಿಯ ನೇಕಾರನು ಸೀರೆಯು ‘ಬಾಳಿಕಿ ಬರತೈತಿ’ ಎನ್ನುತ್ತಾನೆ. ‘ಬಾಳಿಸು’ ಎಂಬ ಪ್ರೇರಣಾರ್ಥಕ ರೂಪವಾದರೋ ವಸ್ತುಗಳಿಗಿಂತ ಮನುಷ್ಯರಿಗೇ ಹೆಚ್ಚಾಗಿ ಸಲ್ಲುತ್ತದೆ. ಕಟ್ಟಿಕೊಂಡವಳನ್ನು ಬಾಳಿಸಲಿಲ್ಲ ಎಂಬುದು ಈ ಕಡೆಯ ಕಠಿಣವಾದ ಬೈಗುಳಗಳಲ್ಲೊಂದು. ‘ಜೀರ್ಣೋದ್ಧಾರ’ ಎಂಬ ಪದದ ಗತಿ ಮಾತ್ರ ವಿಷಾದಕರ. ಹಳೆಯ ಗುಡಿಯನ್ನು ಬುಡಸಹಿತ ಕಿತ್ತು ಹೊಸದನ್ನು ಕಟ್ಟುವುದಕ್ಕೂ, ಶಾಸನವಿರುವ ಕಂಬಕ್ಕೆ ಎಣ್ಣೆಬಣ್ಣ ಬಳಿದು ಅಕ್ಷರಗಳನ್ನು ಮುಚ್ಚುವುದಕ್ಕೂ ಇಂದು ಅದೇ ಹೆಸರು. ಕ್ಷೇತ್ರಕಾರ್ಯದಲ್ಲಿ ನಾವು ಇಂಥ ಕಂಬಗಳನ್ನು ಕಂಡಿದ್ದೇವೆ. ಬಳಿದವರು ಭಕ್ತಿಯಿಂದಲೇ ಬಳಿದಿದ್ದರು. ಖಂಡವನ್ನೂ ಸ್ಫುಟಿತವನ್ನೂ ಬಿಟ್ಟು ಉದ್ಧಾರವನ್ನಷ್ಟೇ ಹಿಡಿದರೆ ಹೀಗಾಗುತ್ತದೆ.

ಕೊನೆಯದಾಗಿ ಒಂದು ರೂಪವನ್ನು ಸೂಚಿಸಬೇಕು. ಧಾರವಾಡ ಗದಗುಗಳ ಕಡೆ ‘ಗಾಗಿ’, ‘ಓಸ್ಕರ’ ಎಂಬವುಗಳಿಗಿಂತ ‘ಸಲುವಾಗಿ’ ಎಂಬುದು ಹೆಚ್ಚು ಬಳಕೆಯಲ್ಲಿದೆ. ಮಕ್ಕಳ ಸಲುವಾಗಿ ಗಳಿಸುವುದು, ದೇವರ ಸಲುವಾಗಿ ಬಿಡುವುದು. ಇಂಥದಕ್ಕೆ ಸಲ್ಲುವಂತೆ ಎಂಬುದೇ ಇದರ ವಿಗ್ರಹ. ಶಾಸನದ ದ್ರವ್ಯವು ಯಾವುದಕ್ಕೆ ಸಲ್ಲಬೇಕೆಂದು ಹೇಳುವ ವಾಕ್ಯಗಳೊಡನೆ ಈ ಅವ್ಯಯದ ಸಂಬಂಧವನ್ನು ಮುದ್ರಿತ ಶಾಸನಸಂಪುಟಗಳಿಂದ, ವಿಶೇಷವಾಗಿ ಮುಂಬಯಿ-ಕರ್ನಾಟಕದ ಶಾಸನಗಳಿಂದ, ಶತಮಾನಾನುಕ್ರಮವಾಗಿ ಆರಿಸಿ ತೆಗೆದರೆ ‘ಸಲಿಸು’ ಯಾವ ಕಾಲಕ್ಕೆ ‘ಸಲ್ಲಿಸು’ ಆಯಿತೆಂಬುದನ್ನೂ ಗುರುತಿಸಬಹುದೆಂದು ನಮಗೆ ತೋರುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸವನ್ನು ಕೈಗೊಳ್ಳಲು ಬಯಸಿದರೆ ನಾವು ಕಲೆಹಾಕಿದ ಪದಪಟ್ಟಿಯನ್ನು ಅವರಿಗೆ ಒಪ್ಪಿಸಲು ಸಿದ್ಧರಿದ್ದೇವೆ.